ಗಾಳಕ್ಕೆ ಹಾಕುವ ಸಮುದ್ರದ ಹುಳವನ್ನು ಮೂರು ದಿನ ಜೀವಂತ ಇಡುವುದು ಹೇಗೆ? ಅನುಭವ ಇದ್ದವರು ಹೇಳಿ

ಹೊಸ ಗಾಳ:
ಗುರುವಾರ ಸಂಜೆ ಮೀನು ಹಿಡಿಯಲು 60 ರಾಗ್‌ವರ್ಮ್ (ಗಾಳಕ್ಕೆ ಚುಚ್ಚುವ ಸಮುದ್ರದ ಹುಳ) ತಂದಿದ್ದೆ. ಭಾನುವಾರ ಬೆಳಗಿನ ಉಬ್ಬರಕ್ಕೆ ಸಮುದ್ರಕ್ಕೆ ಹೋಗಬೇಕಿತ್ತು. ತಂದ ಪ್ಲಾಸ್ಟಿಕ್ ಚೀಲಕ್ಕೇ ಗಂಟು ಹಾಕಿ ಫ್ರಿಜ್‌ನಲ್ಲಿ ಇಟ್ಟೆ. ಶನಿವಾರ ರಾತ್ರಿ ಬಿಚ್ಚಿದರೆ ಅರ್ಧಕ್ಕಿಂತ ಜಾಸ್ತಿ ಸತ್ತು ಲೋಳೆಯಾಗಿದ್ದವು. ನೀವೆಲ್ಲ ಹೇಗೆ ಇಡುತ್ತೀರಿ? ಏರ್ ಪಂಪ್ ಇಲ್ಲ.

ತಂಪು ಟ್ರೇ:
ನನಗೆ ಇದು ಕೈಗೆ ಹತ್ತಲು ಎರಡು ವರ್ಷ ಹಿಡಿಯಿತು. ಮೊದಲ ವರ್ಷ ನಾಲ್ಕು ಸಲ ಎಲ್ಲ ಹುಳವೂ ಹೋಯಿತು. 100, 80, 120, ಆಮೇಲೆ 50. ಆ 120 ನಾನೇ ಅಗೆದದ್ದು. ಐದು ಗಂಟೆ ಬಗ್ಗಿ ಅಗೆದು, ಎರಡು ದಿನ ಸೊಂಟ ನೆಟ್ಟಗಾಗಿರಲಿಲ್ಲ. ನೀರು ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂದುಕೊಂಡು ಬಕೆಟ್ ತುಂಬ ಸಮುದ್ರದ ನೀರಿನಲ್ಲಿ ಬಿಟ್ಟಿದ್ದೆ. ಬೆಳಿಗ್ಗೆ ತಳದಲ್ಲಿ ಒಂದೇ ಉಂಡೆಯಾಗಿ ಬಿದ್ದಿದ್ದವು. ರಾಗ್‌ವರ್ಮ್ ಮೈಯಿಂದಲೇ ಉಸಿರಾಡುತ್ತದೆ. ನಿಂತ ನೀರು ಆಳವಾದರೆ ತಳಕ್ಕೆ ಆಮ್ಲಜನಕ ಸಾಲುವುದಿಲ್ಲ.
ಈಗ ಅಗಲವಾದ ಟ್ರೇ. ಬೆನ್ನು ಮುಳುಗುವಷ್ಟೇ ನೀರು. ಒಂದು ಟ್ರೇಗೆ 20 ಹುಳ, ಮೇಲೆ ಇಲ್ಲ. ಫ್ರಿಜ್ 5–6 ಡಿಗ್ರಿ. ಬೆಳಿಗ್ಗೆ ಸಂಜೆ ನೀರು ಬದಲಿಸುತ್ತೇನೆ. ಹಾಕುವ ನೀರನ್ನೂ ಅದೇ ಫ್ರಿಜ್‌ನಲ್ಲಿ ತಂಪು ಮಾಡಿಟ್ಟಿರುತ್ತೇನೆ. ಸತ್ತದ್ದು, ತುಂಡಾದದ್ದು ಕಂಡ ಕೂಡಲೇ ಹೊರಗೆ. ಕಳೆದ ಸಲ 12 ದಿನ ಇಟ್ಟೆ, 40ರಲ್ಲಿ 37 ಉಳಿದವು. ಪಂಪ್ ಬೇಕಾಗಲೇ ಇಲ್ಲ.

ಮರಳು ಅಗೆಯುವವ:
ದಿನಕ್ಕೆ ಎರಡು ಸಲ ನೀರು ಬದಲಿಸುತ್ತ ಕೂರಲು ಎಲ್ಲರಿಗೂ ಪುರುಸೊತ್ತು ಇರುತ್ತದಾ? 15 ವರ್ಷದಿಂದ ನನ್ನದು ಒಣ ನ್ಯೂಸ್‌ಪೇಪರ್. ಹತ್ತು ಲಗ್‌ವರ್ಮ್ (ಮರಳಿನಲ್ಲಿ ಸಿಗುವ ಇನ್ನೊಂದು ಬಗೆಯ ಗಾಳದ ಹುಳ) ಸಾಲಾಗಿ ಮಲಗಿಸಿ ಒಂದು ಸುತ್ತು, ಮತ್ತೆ ಹತ್ತು, ಮತ್ತೊಂದು ಸುತ್ತು. ಒಂದಕ್ಕೊಂದು ತಾಗಬಾರದು. ಪೇಪರ್ ಒದ್ದೆಯಾದರೆ ಬದಲಿಸಿದರೆ ಆಯಿತು.
ಒಂದೇ ಸಲ ಎಡವಿದ್ದೇನೆ. ಕತ್ತಲಾಗುತ್ತಿತ್ತು, ಉಬ್ಬರ ಏರುತ್ತಿತ್ತು, ಅವಸರದಲ್ಲಿ ಸಲಿಕೆ ತಾಗಿದ ಹುಳವನ್ನು ಒಳ್ಳೆಯವುಗಳ ಜೊತೆ ಸುತ್ತಿಬಿಟ್ಟೆ. ಅದರ ಹಳದಿ ರಸ ಪೇಪರ್ ಪೂರ್ತಿ ನೆನೆಸಿತು. 70 ಹುಳದಲ್ಲಿ 9 ಉಳಿದವು. ಆ ವಾಸನೆ ಇನ್ನೂ ನೆನಪಿದೆ. ಒಡೆದದ್ದಕ್ಕೆ ಬೇರೆ ಡಬ್ಬಿ ಇಟ್ಟುಕೊಂಡೇ ಅಗೆಯಿರಿ.

ತಂಪು ಟ್ರೇ:
ಅವರು ಕೇಳಿದ್ದು ರಾಗ್‌ವರ್ಮ್. ನೀವು ಹೇಳುತ್ತಿರುವುದು ಲಗ್. ಒಣ ಪೇಪರ್‌ನಲ್ಲಿ ಮೂರು ದಿನ ಇಟ್ಟರೆ ರಾಗ್ ಬಾಡಿ ದಾರದ ಹಾಗಾಗುತ್ತದೆ. ಗಾಳಕ್ಕೆ ಚುಚ್ಚಿದರೆ ಅಲುಗುವುದೇ ಇಲ್ಲ.

ಮರಳು ಅಗೆಯುವವ:
ನಾನು ರಾಗ್ ಇಟ್ಟೇ ಇಲ್ಲ ಅಂತ ಯಾರು ಹೇಳಿದರು? ಒದ್ದೆ ಕಡಲಪಾಚಿಯ ನಡುವೆ ಇಡುತ್ತೇನೆ, ನಾಲ್ಕು ದಿನ ಆರಾಮಾಗಿ ಇರುತ್ತವೆ. ನಿಮ್ಮ ಟ್ರೇ ಒಂದು ದಿನ ಫ್ರಿಜ್‌ನಲ್ಲಿ ಚೆಲ್ಲಲಿ, ಆಗ ಮನೆಯವರು ಏನು ಹೇಳುತ್ತಾರೆ ನೋಡಿ.

ತಂಪು ಟ್ರೇ:
ಎರಡು ಸಲ ಚೆಲ್ಲಿದೆ. ಒರೆಸಿದ್ದೇನೆ. ಹುಳ ಬದುಕಿದ್ದವು.

ರಾತ್ರಿ ದಡ:
ಪಾತ್ರೆಯ ವಿಷಯ ಯಾರೂ ಎತ್ತಲಿಲ್ಲ ನೋಡಿ. ನನ್ನ ಮೂರು ಟ್ರಿಪ್ ಹಾಳಾಗಿದ್ದು ಅದರಿಂದಲೇ. ಸತುವಿನ ಲೇಪ ಇರುವ ತಗಡಿನ ಬಕೆಟ್ ಬಳಸುತ್ತಿದ್ದೆ. ಗಟ್ಟಿ ಬಕೆಟ್, ನೋಡಲು ಚೆಂದ. ನೀರು ಸರಿ, ತಂಪು ಸರಿ, ಆದರೂ ಮಾರನೇ ದಿನಕ್ಕೆ ಹುಳ ಸಪ್ಪಗಾಗುತ್ತಿದ್ದವು. ಹುಳ ಕೊಟ್ಟವನ ಜೊತೆ ಜಗಳ ಆಡಿದೆ, ಹಳೆಯ ಮಾಲು ಕೊಟ್ಟೆ ಅಂತ ಬೈದೆ. ನಾಲ್ಕನೇ ಸಲ ಅದೇ ಹುಳ, ಅದೇ ನೀರು, ಅರ್ಧ ಬಕೆಟ್‌ಗೆ, ಅರ್ಧ ಪ್ಲಾಸ್ಟಿಕ್ ಡಬ್ಬಿಗೆ ಹಾಕಿದೆ. ಪ್ಲಾಸ್ಟಿಕ್‌ನಲ್ಲಿದ್ದ 30ರಲ್ಲಿ 30 ಉಳಿದವು. ಉಪ್ಪುನೀರು ಸತುವನ್ನು ಕರಗಿಸುತ್ತದೆ, ಹುಳಕ್ಕೆ ಅದು ವಿಷ. ತಾಮ್ರ ಇನ್ನೂ ಕೆಟ್ಟದ್ದು. ಹೋಗಿ ಅವನ ಹತ್ತಿರ ಕ್ಷಮೆ ಕೇಳಿದೆ. ಡಬ್ಬಿಯನ್ನು ಸೋಪು ಹಾಕಿ ತೊಳೆಯಬೇಡಿ, ಕೈಗೆ ಕ್ರೀಮ್ ಹಚ್ಚಿಕೊಂಡು ಹುಳ ಮುಟ್ಟಬೇಡಿ.

ಇಳಿತದ ಹೊತ್ತು:
ನನಗೆ ಸಮುದ್ರ ದೂರ, ನೀರು ಹೊತ್ತು ತರಲು ಆಗುವುದಿಲ್ಲ. ಮನೆಯಲ್ಲೇ ಮಾಡುತ್ತೇನೆ. ಲೀಟರಿಗೆ 35 ಗ್ರಾಂ ಉಪ್ಪು. ಮೊದಲ ಸಲ ಕಣ್ಣಂದಾಜಿನಲ್ಲಿ ನಲ್ಲಿ ನೀರಿಗೆ ಕಲಸಿದೆ. 45 ಹುಳ ಊದಿಕೊಂಡು ಒಂದೇ ರಾತ್ರಿಯಲ್ಲಿ ಹೋದವು. ಈಗ ತೂಕ ಮಾಡುತ್ತೇನೆ. ನೀರಿನ ಕ್ಲೋರಿನ್ ತೆಗೆಯುತ್ತೇನೆ. ಅಕ್ವೇರಿಯಂಗೆ ಹಾಕುವ ಸಮುದ್ರದ ಉಪ್ಪನ್ನೇ ಬಳಸುತ್ತೇನೆ.

ಮರಳು ಅಗೆಯುವವ:
ಅಡುಗೆ ಉಪ್ಪಿನಲ್ಲೇ ಆಗುತ್ತದೆ. ಸುಮ್ನೆ ಖರ್ಚು ಹೇಳಬೇಡಿ.

ಇಳಿತದ ಹೊತ್ತು:
ಸಮುದ್ರದ ನೀರಿನಲ್ಲಿ ಇರುವುದು ಅಡುಗೆ ಉಪ್ಪು ಒಂದೇ ಅಲ್ಲ, ಮೆಗ್ನೀಸಿಯಂ, ಕ್ಯಾಲ್ಸಿಯಂ ಎಲ್ಲ ಇದೆ. ಒಂದು ರಾತ್ರಿ ತಳ್ಳಬಹುದು. ವಾರ ಇಟ್ಟು ತೋರಿಸಿ, ಒಪ್ಪುತ್ತೇನೆ.

ಮರಳು ಅಗೆಯುವವ:
ವಾರ ಯಾಕೆ ಇಡಬೇಕು? ಉಳಿದರೆ ಕಪ್ಪು ಲಗ್‌ನ ಹೊಟ್ಟೆ ಹಿಂಡಿ, ಒಂದೊಂದನ್ನೇ ಸುತ್ತಿ ಫ್ರೀಜರ್‌ಗೆ ಹಾಕಿ. ತಿಂಗಳುಗಟ್ಟಲೆ ಬರುತ್ತದೆ.

ರಾತ್ರಿ ದಡ:
ಕಪ್ಪು ಲಗ್ ಸರಿ. ರಾಗ್ ಹಾಗೆ ಹಾಕಿದರೆ ಕರಗಿದ ಮೇಲೆ ಬರೀ ಗಂಜಿ. ಅಷ್ಟಕ್ಕೂ ಉಳಿಯುವಷ್ಟು ಅಗೆಯುವುದೇ ತಪ್ಪು. 30 ಬೇಕಾದರೆ 30 ಅಗೆಯಿರಿ. ಅಗೆದ ಗುಂಡಿ ಮುಚ್ಚುತ್ತೀರಾ ನೀವು?

ಮರಳು ಅಗೆಯುವವ:
ಪ್ರತಿ ಗುಂಡಿಯನ್ನೂ ಮುಚ್ಚಿದ್ದೇನೆ. ನೋಡದೆ ಮಾತಾಡಬೇಡಿ.

ರಾತ್ರಿ ದಡ:
ಕತ್ತಲು, ಉಬ್ಬರ, ಅವಸರ ಅಂತ ನೀವೇ ಬರೆದಿರಿ. ಆವತ್ತೂ ಮುಚ್ಚಿದಿರಾ? ಮೊಣಕಾಲುದ್ದದ ಗುಂಡಿಗೆ ಕಾಲಿಟ್ಟು ಪಾದ ಉಳುಕಿಸಿಕೊಂಡವನು ನಾನು. ಆರು ವಾರ ದಡದ ಕಡೆ ಹೋಗಲಾಗಲಿಲ್ಲ.

ಮರಳು ಅಗೆಯುವವ:
ಆವತ್ತು ಮುಚ್ಚಲಿಲ್ಲ. ಆವತ್ತು ಒಂದೇ ದಿನ.

ಹೊಸ ಗಾಳ:
ಉಳಿದ 22 ಹುಳವನ್ನು ಎರಡು ಟ್ರೇಗೆ ಹಾಕಿದೆ. ಈಗ ಓಡಾಡುತ್ತಿವೆ. ಮೂರು ಮಾತ್ರ ಮೆತ್ತಗಿವೆ, ಮುಟ್ಟಿದರೆ ಹಾಲಿನಂಥ ನೀರು ಬರುತ್ತಿದೆ. ಇದು ರೋಗವಾ?

ತಂಪು ಟ್ರೇ:
ರೋಗ ಅಲ್ಲ. ಅವು ಮರಿ ಮಾಡುವ ಹಂತಕ್ಕೆ ಬಂದಿವೆ. ಆ ಹೊತ್ತಿಗೆ ಮೈ ಮೆತ್ತಗಾಗಿ ಸುಲಭಕ್ಕೆ ಒಡೆಯುತ್ತದೆ, ಆಮೇಲೆ ಸಾಯುತ್ತವೆ. ಮೂರನ್ನೂ ಈಗಲೇ ತೆಗೆಯಿರಿ, ಆ ಟ್ರೇಯ ನೀರು ಪೂರ್ತಿ ಚೆಲ್ಲಿ ಹೊಸದು ಹಾಕಿ. ಬೆಳಗಿನವರೆಗೆ ಕಾಯಬೇಡಿ.