ಒಂಬತ್ತು ವರ್ಷದವನನ್ನು ಒಬ್ಬನೇ ಹೊರಗೆ ಕಳಿಸಬಹುದಾ? ರಸ್ತೆ ಯೋಜನೆ ಮಾಡುವವರ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಒಬ್ಬ ತಾಯಿ): ನಮಸ್ಕಾರ ಸರ್. ಶಾಲೆ, ಮೈದಾನಗಳ ಸುತ್ತಲಿನ ರಸ್ತೆಗಳನ್ನು ಯೋಜಿಸುವುದೇ ನಿಮ್ಮ ಕೆಲಸ ಎಂದು ಗುಂಪಿನಲ್ಲಿ ಹೇಳಿದ್ದಿರಿ, ಅದಕ್ಕೇ ಕೇಳುತ್ತಿದ್ದೇನೆ. ನನ್ನ ಮಗನಿಗೆ ಒಂಬತ್ತು ವರ್ಷ. ಗೆಳೆಯನ ಮನೆ ಸುಮಾರು 400 ಮೀಟರ್ ದೂರ, ಆಟದ ಮೈದಾನ ಅದಕ್ಕಿಂತ ಸ್ವಲ್ಪ ಆಚೆ. ಸಂಜೆ ಹೊತ್ತು, ರಜೆಯಲ್ಲಿ ಒಬ್ಬನೇ ಹೋಗುತ್ತೇನೆ ಎಂದು ದಿನಾ ಹಠ. ನಮ್ಮ ಯಜಮಾನರು ಹನ್ನೆರಡು ತುಂಬಲಿ ಎನ್ನುತ್ತಾರೆ. ಅತ್ತೆ ಮಾತ್ರ "ನಿನ್ನ ಗಂಡ ಆರು ವರ್ಷಕ್ಕೇ ಊರೆಲ್ಲ ಸುತ್ತುತ್ತಿದ್ದ" ಎಂದು ನಗುತ್ತಾರೆ. ಸರಿಯಾದ ವಯಸ್ಸು ಯಾವುದು?

ಉತ್ತರ: ಮೇಡಂ, ಮೊದಲು ನನ್ನದೊಂದು ಪ್ರಶ್ನೆ. ಆ 400 ಮೀಟರಿನಲ್ಲಿ ಎಷ್ಟು ಸಲ ರಸ್ತೆ ದಾಟಬೇಕು? ದಾಟುವ ಕಡೆ ಗಾಡಿಗಳು ಎಷ್ಟು ಜೋರಾಗಿ ಬರುತ್ತವೆ? ವಯಸ್ಸು, ದೂರ ಎರಡಕ್ಕಿಂತ ಇದೇ ಮುಖ್ಯ. ರಸ್ತೆ ದಾಟದೆ ಒಂದು ಕಿಲೋಮೀಟರ್ ನಡೆಯುವುದು ಒಂಬತ್ತು ವರ್ಷದ ಮಗುವಿಗೆ ಸುಲಭ. ಒಂದೇ ಒಂದು ಅಗಲವಾದ ರಸ್ತೆ ದಾಟುವುದು ಕಷ್ಟ.

ಯಾಕೆ ಕಷ್ಟ ಅಂದರೆ, ಬರುತ್ತಿರುವ ಗಾಡಿ ಎಷ್ಟು ದೂರದಲ್ಲಿದೆ ಎಂಬುದು ಮಗುವಿಗೆ ಗೊತ್ತಾಗುತ್ತದೆ, ಎಷ್ಟು ವೇಗವಾಗಿ ಬರುತ್ತಿದೆ ಎಂಬುದು ಸರಿಯಾಗಿ ಗೊತ್ತಾಗುವುದಿಲ್ಲ. "ಇನ್ನೂ ದೂರ ಇದೆ" ಎಂದು ಇಳಿದುಬಿಡುತ್ತದೆ. ಜೊತೆಗೆ ಎತ್ತರ ಕಡಿಮೆ. ನಿಂತಿರುವ ಕಾರಿನ ಹಿಂದಿನಿಂದ ಅದಕ್ಕೆ ರಸ್ತೆ ಕಾಣುವುದಿಲ್ಲ, ಗಾಡಿ ಓಡಿಸುವವರಿಗೂ ಅದು ಕಾಣುವುದಿಲ್ಲ. ಸ್ವೀಡನ್ನಿನ ಸಂಶೋಧಕಿ ಸ್ಟೀನಾ ಸಾಂಡೆಲ್ಸ್ 1960ರ ದಶಕದಲ್ಲೇ ಇದನ್ನು ಗಟ್ಟಿಯಾಗಿ ಹೇಳಿದ್ದರು. ಸಣ್ಣ ಮಕ್ಕಳನ್ನು ಟ್ರಾಫಿಕ್ಕಿಗೆ ಹೊಂದಿಸಲು ಆಗುವುದಿಲ್ಲ, ಟ್ರಾಫಿಕ್ಕನ್ನೇ ಮಕ್ಕಳಿಗೆ ಹೊಂದಿಸಬೇಕು ಎಂಬುದು ಅವರ ವಾದ.

ವೇಗದ ಲೆಕ್ಕ ಒಮ್ಮೆ ನೋಡಿ. ಚಾಲಕನಿಗೆ ಮಗು ಕಂಡು ಬ್ರೇಕ್ ಒತ್ತಲು ಒಂದು ಸೆಕೆಂಡ್ ಬೇಕು ಎಂದಿಟ್ಟುಕೊಳ್ಳಿ. ಗಂಟೆಗೆ 30 ಕಿಲೋಮೀಟರ್ ವೇಗದ ಕಾರು ಒಣ ರಸ್ತೆಯಲ್ಲಿ ಸುಮಾರು 13 ಮೀಟರಿನಲ್ಲಿ ನಿಲ್ಲುತ್ತದೆ. 50ರ ವೇಗದ ಕಾರು ಆ ಒಂದು ಸೆಕೆಂಡಿನಲ್ಲೇ 14 ಮೀಟರ್ ಹತ್ತಿರ ಓಡಿರುತ್ತದೆ. ಅಂದರೆ ಮೊದಲನೇ ಕಾರು ಪೂರ್ತಿ ನಿಂತ ಜಾಗದಲ್ಲಿ ಎರಡನೆಯದು ಇನ್ನೂ ಬ್ರೇಕನ್ನೇ ಹಿಡಿದಿರುವುದಿಲ್ಲ! ಮನೆಗಳಿರುವ ಬೀದಿಗಳಲ್ಲಿ 30ರ ಮಿತಿ ಬೇಕು ಎಂದು ನಮ್ಮಂಥವರು ಬಾಯಿ ಬಡಿದುಕೊಳ್ಳುವುದು ಇದಕ್ಕೇ.

ಹಾಗಂತ ಹನ್ನೆರಡರವರೆಗೆ ಮನೆಯಲ್ಲೇ ಕೂರಿಸಿ ಎನ್ನುತ್ತಿಲ್ಲ. ಹಾಗೆ ಮಾಡಿದರೆ ಹನ್ನೆರಡಕ್ಕೆ ಏನೂ ಕಲಿಯದ ಹುಡುಗ ಒಮ್ಮೆಲೇ ರಸ್ತೆಗೆ ಇಳಿಯುತ್ತಾನೆ, ಅದು ಇನ್ನೂ ಅಪಾಯ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ 1990ರ ದಶಕದಲ್ಲಿ ಐದರಿಂದ ಏಳು ವರ್ಷದ ಮಕ್ಕಳನ್ನು ನಿಜವಾದ ರಸ್ತೆಯ ಪಕ್ಕಕ್ಕೇ ಕರೆದೊಯ್ದು ಕಲಿಸುವ ಪ್ರಯೋಗ ನಡೆಯಿತು. ಕಲಿಸಿದ್ದು ಮೂರೇ ವಿಷಯ: ದಾಟಲು ಒಳ್ಳೆಯ ಜಾಗ ಆರಿಸುವುದು, ನಿಂತ ಗಾಡಿಗಳ ನಡುವಿನಿಂದ ದಾಟುವುದು, ರಸ್ತೆಗಳು ಕೂಡುವ ಕಡೆ ದಾಟುವುದು. ಅಷ್ಟು ಚಿಕ್ಕ ಮಕ್ಕಳೂ ಕಲಿತರು. ಚಿತ್ರ ತೋರಿಸಿ ಪಾಠ ಹೇಳಿದರೆ ಆಗದ್ದು, ರಸ್ತೆ ಬದಿಯಲ್ಲಿ ನಿಲ್ಲಿಸಿ ಮಾಡಿಸಿದರೆ ಆಗುತ್ತದೆ.

ನೀವು ಹೀಗೆ ಮಾಡಿ. ಒಂದು ವಾರ ಗೆಳೆಯನ ಮನೆಗೆ ಜೊತೆಯಲ್ಲೇ ಹೋಗಿ, ಆದರೆ ದಾರಿ ತೋರಿಸುವವನು ಅವನಾಗಿರಲಿ. ಕೈ ಹಿಡಿಯಬೇಡಿ, "ಈಗ ದಾಟು" ಎನ್ನಬೇಡಿ. ಎಲ್ಲಿ ನಿಲ್ಲುತ್ತೀಯ, ಯಾಕೆ ಇಲ್ಲೇ, ಈಗ ಏನು ಕಾಣಿಸುತ್ತಿದೆ ಎಂದು ಅವನ ಬಾಯಲ್ಲೇ ಹೇಳಿಸಿ. ಮುಂದಿನ ವಾರ ಹತ್ತು ಹೆಜ್ಜೆ ಹಿಂದೆ ನಡೆಯಿರಿ. ಆಮೇಲೆ ತಿರುವಿನಲ್ಲೇ ನಿಂತು ನೋಡಿ. ಗೆಳೆಯ ಎದುರಾದಾಗ, ಚೆಂಡು ಉರುಳಿದಾಗ, ಹೊರಡಲು ತಡವಾದಾಗ ಏನು ಮಾಡುತ್ತಾನೆ ಅನ್ನುವುದನ್ನು ಮುಖ್ಯವಾಗಿ ನೋಡಿ. ಸುಮ್ನೆ ನಡೆಯುವಾಗ ಎಲ್ಲ ಮಕ್ಕಳೂ ಜಾಣರೇ.

ಪ್ರಶ್ನೆ (ಇನ್ನೊಬ್ಬರು): ಕಾರಿಗಿಂತ ನನಗೆ ಜನರದ್ದೇ ಭಯ ಸರ್. ಯಾರಾದರೂ ಎತ್ತಿಕೊಂಡು ಹೋದರೆ?

ಉತ್ತರ: ಆ ಭಯ ನನಗೂ ಇತ್ತು. ನಾನೂ ಇಬ್ಬರು ಮಕ್ಕಳ ತಂದೆ. ಆದರೆ ಐದರಿಂದ ಇಪ್ಪತ್ತೊಂಬತ್ತು ವರ್ಷದವರ ಸಾವಿಗೆ ಜಗತ್ತಿನಲ್ಲಿ ಅತಿ ದೊಡ್ಡ ಕಾರಣ ರಸ್ತೆ ಅಪಘಾತ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗುರುತಿಲ್ಲದವರು ಮಗುವನ್ನು ಎತ್ತಿಕೊಂಡು ಹೋಗುವುದು ತುಂಬಾ ಅಪರೂಪ. ಮಕ್ಕಳಿಗೆ ಕೆಟ್ಟದ್ದು ಮಾಡುವವರು ಹೆಚ್ಚಾಗಿ ಪರಿಚಯದವರೇ. ಆದ್ದರಿಂದ "ಗೊತ್ತಿಲ್ಲದವರ ಹತ್ತಿರ ಮಾತಾಡಬೇಡ" ಅನ್ನುವ ಪಾಠ ಅರ್ಧ ಮಾತ್ರ. ದಾರಿ ತಪ್ಪಿದರೆ ಗೊತ್ತಿಲ್ಲದವರನ್ನೇ ಕೇಳಬೇಕಲ್ವಾ? ನಮ್ಮ ಮನೆಯಲ್ಲಿರುವ ನಿಯಮ ಇಷ್ಟೇ: ಹೇಳಿಹೋದ ಜಾಗ ಬಿಟ್ಟು ಬೇರೆ ಕಡೆ ಹೋಗುವ ಮೊದಲು ನಮಗೆ ತಿಳಿಸಬೇಕು. ಕರೆದವರು ಮಾವನಾದರೂ ಸರಿ, ಪಕ್ಕದ ಮನೆಯವರಾದರೂ ಸರಿ.

ಪ್ರಶ್ನೆ: ಹಾಗಾದರೆ ಜಿಪಿಎಸ್ ವಾಚ್ ಕಟ್ಟಿದರೆ ನೆಮ್ಮದಿ ಅಲ್ವಾ?

ಉತ್ತರ: ಕಟ್ಟಿ, ಬೇಡ ಅನ್ನುವುದಿಲ್ಲ. ಮಗು ಎಲ್ಲಿದೆ ಎಂದು ಅದು ತೋರಿಸುತ್ತದೆ, ಹೇಗೆ ರಸ್ತೆ ದಾಟುತ್ತಿದೆ ಎಂದು ತೋರಿಸುವುದಿಲ್ಲ. ಮನೆ ವಿಳಾಸ, ಒಂದು ಫೋನ್ ನಂಬರು ಬಾಯಿಪಾಠ ಆಗಿರಲಿ. ಬ್ಯಾಟರಿ ಮುಗಿಯುತ್ತದೆ ನೋಡಿ.

ಪ್ರಶ್ನೆ (ಒಬ್ಬ ತಂದೆ): ನಮ್ಮಲ್ಲಿ ಮಗಳಿಗೆ ಹನ್ನೊಂದು, ಮಗನಿಗೆ ಒಂಬತ್ತು. ಮಗ ಸಂಜೆಯೆಲ್ಲ ಹೊರಗೇ ಇರುತ್ತಾನೆ. ಮಗಳನ್ನು ಕಳಿಸಲು ನಮಗೇ ಧೈರ್ಯ ಬರುವುದಿಲ್ಲ. ನೀವು ತಪ್ಪು ಎನ್ನುತ್ತೀರಿ ಎಂದು ಗೊತ್ತು, ಆದರೂ ಕೇಳುತ್ತಿದ್ದೇನೆ.

ಉತ್ತರ: ತಪ್ಪು ಎಂದು ಬೈಯುವುದಿಲ್ಲ ಸರ್, ಆದರೆ ಇದು ನಿಮ್ಮ ಮನೆಯ ಕಥೆ ಮಾತ್ರ ಅಲ್ಲ. 1970ರ ದಶಕದಲ್ಲಿ ರೋಜರ್ ಹಾರ್ಟ್ ಎಂಬವರು ಅಮೆರಿಕದ ವರ್ಮಾಂಟ್ ರಾಜ್ಯದ ಒಂದು ಸಣ್ಣ ಊರಿನ ಮಕ್ಕಳ ಜೊತೆ ಓಡಾಡಿ, ಅವರು ಎಲ್ಲೆಲ್ಲಿಗೆ ಹೋಗುತ್ತಾರೆ ಎಂದು ನಕ್ಷೆ ಬರೆದರು. ಅಲ್ಲೂ ಗಂಡುಮಕ್ಕಳಿಗೆ ಸಿಕ್ಕ ಜಾಗ ದೊಡ್ಡದು, ಹೆಣ್ಣುಮಕ್ಕಳಿಗೆ ಸಿಕ್ಕದ್ದು ಚಿಕ್ಕದು. ಗಮ್ಮತ್ತೆಂದರೆ, ಹುಡುಗರು ಅಪ್ಪ ಅಮ್ಮ ಹಾಕಿದ ಗೆರೆ ದಾಟುತ್ತಿದ್ದರು, ದೊಡ್ಡವರು ಕಂಡೂ ಕಾಣದಂತೆ ಇರುತ್ತಿದ್ದರು.

ಹಾರ್ಟ್ ಮಾಡಿದ ಒಂದು ವಿಂಗಡಣೆ ನನಗೆ ಕೆಲಸದಲ್ಲಿ ಇವತ್ತಿಗೂ ಉಪಯೋಗಕ್ಕೆ ಬರುತ್ತದೆ. ಕೇಳದೆಯೇ ಹೋಗಬಹುದಾದ ಜಾಗ, ಕೇಳಿ ಹೋಗಬಹುದಾದ ಜಾಗ, ಬೇರೆ ಮಕ್ಕಳ ಜೊತೆಗಾದರೆ ಮಾತ್ರ ಹೋಗಬಹುದಾದ ಜಾಗ. ನಿಮ್ಮ ಮಗಳಿಗೆ ಈ ಮೂರನ್ನೂ ಬಿಡಿ ಬಿಡಿಯಾಗಿ ಕೇಳಿ ಬರೆಯಿರಿ. ಮೂರನೆಯದು ಬಹುಶಃ ಖಾಲಿ ಇರುತ್ತದೆ. ಅಲ್ಲಿಂದಲೇ ಶುರು ಮಾಡಿ: ಇಬ್ಬರು ಗೆಳತಿಯರು, ಬೆಳಕಿರುವ ಹೊತ್ತು, ಜನ ಓಡಾಡುವ ಬೀದಿ. ತಮ್ಮನನ್ನು ಕಾವಲಿಗೆ ಕಳಿಸಬೇಡಿ, ದಯವಿಟ್ಟು. ಹನ್ನೊಂದರ ಹುಡುಗಿಗೆ ಒಂಬತ್ತರವನು ಕಾವಲು ಅಂದರೆ ಅವಳಿಗೆ ಏನನಿಸುತ್ತದೆ ಯೋಚಿಸಿ.

ಪ್ರಶ್ನೆ: ಸೈಕಲ್ ಬಗ್ಗೆ ಹೇಳಿ. ಮಗ ಏಳು ವರ್ಷಕ್ಕೇ ಜೋರಾಗಿ ಹೊಡೆಯುತ್ತಾನೆ.

ಉತ್ತರ: ಹೊಡೆಯಲು ಬರುವುದು ಬೇರೆ, ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು ಹಿಂದೆ ತಿರುಗಿ ನೋಡಿದಾಗ ಸೈಕಲ್ ನೇರ ಹೋಗುವುದು ಬೇರೆ. ಅದು ಬರುವವರೆಗೆ ಗಾಡಿ ಓಡಾಡುವ ರಸ್ತೆ ಬೇಡ. ಬ್ರೇಕಿನ ಹಿಡಿ ಅವನ ಬೆರಳಿಗೆ ಎಟುಕುತ್ತದೆಯೇ ನೋಡಿ, ಎಷ್ಟೋ ಸಣ್ಣ ಸೈಕಲ್‌ಗಳಲ್ಲಿ ಎಟುಕುವುದಿಲ್ಲ. ಫುಟ್‌ಪಾತ್ ಮೇಲೆ ಓಡಿಸಿದರೂ ಅಪಾಯ ಇರುವುದು ಗೇಟುಗಳ ಹತ್ತಿರ. ರಿವರ್ಸ್ ಬರುವ ಕಾರಿಗೆ ಚಿಕ್ಕ ಸೈಕಲ್ ಕಾಣುವುದೇ ಇಲ್ಲ. ಪ್ರತಿ ಗೇಟಿನ ಮುಂದೆ ನಿಧಾನ ಮಾಡುವುದನ್ನು ಅಭ್ಯಾಸ ಮಾಡಿಸಿ.

ಪ್ರಶ್ನೆ (ಸ್ವಲ್ಪ ಕೋಪದಲ್ಲಿ): ಇದೆಲ್ಲ ಹೊರದೇಶದ ಮಾತು ಸ್ವಾಮಿ. ಫುಟ್‌ಪಾತೇ ಇಲ್ಲದ ಕಡೆ ಮಕ್ಕಳು ಎಲ್ಲಿ ನಡೆಯಬೇಕು? ನಾವೆಲ್ಲ ಚಿಕ್ಕವರಿದ್ದಾಗ ಯಾರೂ ಯೋಜನೆ ಮಾಡಿರಲಿಲ್ಲ, ಆರಾಮಾಗಿ ಆಡಿ ಬೆಳೆದೆವು.

ಉತ್ತರ: ಆರಾಮಾಗಿದ್ದದ್ದು ನಿಜ. ಆಗ ಇಷ್ಟು ಗಾಡಿಗಳಿರಲಿಲ್ಲ, ಅಷ್ಟೇ. ಹೊರದೇಶದಲ್ಲೂ ಇದೇ ಆಯಿತು. ಇಂಗ್ಲೆಂಡಿನಲ್ಲಿ 1971ರಲ್ಲಿ ಏಳೆಂಟು ವರ್ಷದ ಮಕ್ಕಳಲ್ಲಿ ಶೇ. 80ರಷ್ಟು ಮಂದಿ ದೊಡ್ಡವರಿಲ್ಲದೆ ಶಾಲೆಗೆ ಹೋಗುತ್ತಿದ್ದರು. ಮೇಯರ್ ಹಿಲ್‌ಮನ್ ಎಂಬ ಸಂಶೋಧಕರು ಮತ್ತು ಜೊತೆಯವರು 1990ರಲ್ಲಿ ಅದೇ ಶಾಲೆಗಳಿಗೆ ಹೋಗಿ ನೋಡಿದಾಗ ಅದು ಶೇ. 9ಕ್ಕೆ ಇಳಿದಿತ್ತು. ಆ ಹೊತ್ತಿಗೆ ಅಪಘಾತಕ್ಕೆ ಸಿಕ್ಕುವ ಮಕ್ಕಳ ಸಂಖ್ಯೆ ಕಡಿಮೆಯಾಗಿತ್ತು, ಸರ್ಕಾರದವರು ರಸ್ತೆ ಸುರಕ್ಷಿತವಾಯಿತು ಎಂದು ಬೀಗುತ್ತಿದ್ದರು. ಹಿಲ್‌ಮನ್ ಹೇಳಿದ್ದು ಬೇರೆ: ರಸ್ತೆ ಸುರಕ್ಷಿತ ಆಗಿಲ್ಲ, ಮಕ್ಕಳನ್ನೇ ರಸ್ತೆಯಿಂದ ಎತ್ತಿಬಿಟ್ಟಿದ್ದೀರಿ.

ಇವತ್ತು ಸೈಕಲ್ಲಿಗೆ ಹೆಸರಾದ ನೆದರ್ಲೆಂಡ್ಸ್ ಇದೆಯಲ್ಲ, ಅಲ್ಲಿ 1971ರ ಒಂದೇ ವರ್ಷದಲ್ಲಿ 400ಕ್ಕಿಂತ ಜಾಸ್ತಿ ಮಕ್ಕಳು ರಸ್ತೆಯಲ್ಲಿ ಸತ್ತರು. ತಂದೆ ತಾಯಂದಿರು ಬೀದಿಗಿಳಿದರು, ಮಕ್ಕಳೂ ಜೊತೆಗೆ ಕೂತು ರಸ್ತೆ ತಡೆದರು. ಡೆಲ್ಫ್ಟ್ ನಗರದಲ್ಲಿ ಮನೆಗಳ ನಡುವಿನ ಬೀದಿಗಳನ್ನೇ ಅಂಗಳದಂತೆ ಮಾಡಿದರು. ಅಲ್ಲಿ ಫುಟ್‌ಪಾತ್ ಬೇರೆ, ರಸ್ತೆ ಬೇರೆ ಅಂತ ಇಲ್ಲ. ಗಿಡ, ಬೆಂಚು, ಅಂಕುಡೊಂಕು ದಾರಿ. ಕಾರು ನಡೆಯುವವರ ವೇಗದಲ್ಲಿ ಬರಬೇಕು. 1976ರಲ್ಲಿ ಅದಕ್ಕೆ ಕಾನೂನೇ ಬಂತು. ಹಾಗಾಗಿ ಫುಟ್‌ಪಾತ್ ಇಲ್ಲ ಅನ್ನುವುದೇ ಕೊನೆ ಮಾತಲ್ಲ. ಗಾಡಿ ನಿಧಾನವಾದರೆ ಫುಟ್‌ಪಾತ್ ಇಲ್ಲದ ಬೀದಿಯಲ್ಲೂ ಮಗು ನಡೆಯಬಹುದು, ಗಾಡಿ ಜೋರಾಗಿದ್ದರೆ ಫುಟ್‌ಪಾತ್ ಇದ್ದರೂ ಭಯ ಹೋಗುವುದಿಲ್ಲ.

ನಿಮ್ಮ ಬೀದಿಯ ಅರ್ಜಿ ಬರೆಯುವಾಗ "ಮಕ್ಕಳಿಗೆ ಸೌಕರ್ಯ ಮಾಡಿಕೊಡಿ" ಎಂದು ಬರೆಯಬೇಡಿ. ಅಂಥವು ನನ್ನ ಮೇಜಿನ ಮೇಲೆ ರಾಶಿ ಬಿದ್ದಿರುತ್ತವೆ, ಏನು ಮಾಡಬೇಕೆಂದೇ ತಿಳಿಯುವುದಿಲ್ಲ. "ಈ ತಿರುವು, ಈ ಹೊತ್ತು, ಇಷ್ಟು ಮಕ್ಕಳು ದಾಟುತ್ತಾರೆ, ಇಲ್ಲೊಂದು ಹಂಪ್ ಬೇಕು" ಎಂದು ಬರೆಯಿರಿ. ಎರಡು ಸಂಜೆ ಕುರ್ಚಿ ಹಾಕಿ ಕೂತು ಎಣಿಸಿದರೆ ಸಾಕು.

ಮೊದಲ ಪ್ರಶ್ನೆ ಕೇಳಿದ ತಾಯಿ (ಮೂರು ವಾರದ ನಂತರ): ಸರ್, ನೀವು ಹೇಳಿದಂತೆ ಮಾಡಿದೆವು. ಮೊದಲ ದಿನವೇ ಗೊತ್ತಾಯಿತು, ನಾನು ನಿಲ್ಲುತ್ತಿದ್ದ ಜಾಗದಲ್ಲಿ ನಿಂತಿದ್ದ ವ್ಯಾನಿನಿಂದ ಅವನಿಗೆ ಏನೂ ಕಾಣುತ್ತಿರಲಿಲ್ಲ. ಬಗ್ಗಿ ಅವನ ಎತ್ತರಕ್ಕೆ ನೋಡಿದೆ, ಹೌದು! ಈಗ ಸ್ವಲ್ಪ ಮುಂದೆ ಹೋಗಿ ದಾಟುತ್ತಾನೆ. ಆದರೆ ಹಿಂದೆ ನಡೆಯುವ ವಾರದಲ್ಲಿ ನೋಡಿದರೆ, ನಾನು ತೋರಿಸಿದ ಹತ್ತಿರದ ದಾರಿ ಬಿಟ್ಟು ಸುತ್ತಿಕೊಂಡು ಹೋಗುತ್ತಾನೆ. ಐದು ನಿಮಿಷ ಜಾಸ್ತಿ. ತಡೆಯಬೇಕಾ?

ಉತ್ತರ: ಆ ದಾರಿಯಲ್ಲಿ ದಾಟುವುದು ಜಾಸ್ತಿಯೋ ಕಡಿಮೆಯೋ?

ತಾಯಿ: ಒಂದು ಕಡಿಮೆ. ಯಾಕೆ ಅಂತ ಕೇಳಿದೆ. ಅಲ್ಲೊಂದು ಮನೆಯ ಗೋಡೆ ಮೇಲೆ ಬೆಕ್ಕು ಮಲಗಿರುತ್ತದಂತೆ.

ಉತ್ತರ: ಹಾಗಾದರೆ ಹೋಗಲಿ ಬಿಡಿ. ವಾಪಸ್ ಬರುವ ಸಮಯಕ್ಕೆ ಐದು ನಿಮಿಷ ಸೇರಿಸಿ ಹೇಳಿ, ಬೆಕ್ಕಿಗೆ ಇನ್ನೊಂದೆರಡು ನಿಮಿಷ.