ಫ್ರಿಜ್‌ನ ಸ್ಟಿಕ್ಕರ್ ಅಳಿಸಿಹೋಗಿದೆ, ಮಾಡೆಲ್ ನಂಬರ್ ಹೇಗೆ ಹುಡುಕುವುದು? ಡೋರ್ ರಬ್ಬರ್ ಬದಲಿಸಬೇಕು

ಪ್ರಶ್ನೆ

ನಮಸ್ಕಾರ. ನಮ್ಮದು ಎರಡು ಬಾಗಿಲಿನ ಫ್ರಾಸ್ಟ್ ಫ್ರೀ ಫ್ರಿಜ್. ಬೇರೆಯವರು ಬಳಸಿದ್ದನ್ನು ತಂದದ್ದು, ಹಾಗಾಗಿ ಬಿಲ್ಲೂ ಇಲ್ಲ, ಅದರ ಜೊತೆ ಬರುವ ಪುಸ್ತಕವೂ ಇಲ್ಲ. ಈಗ ಎರಡು ತೊಂದರೆ ಶುರುವಾಗಿದೆ. ಕೆಳಗಿನ ಬಾಗಿಲಿನ ರಬ್ಬರ್ ಹಿಡಿಕೆ ಇರುವ ಕಡೆ ಮೂಲೆಯಲ್ಲಿ ಹರಿದಿದೆ, ಬೆರಳು ತೂರಿಸಿದರೆ ಒಳಗೆ ಹೋಗುತ್ತದೆ. ಜೊತೆಗೆ ಮೇಲೆ ಫ್ರೀಜರ್‌ನಲ್ಲಿ ಐಸ್ ಚೆನ್ನಾಗಿಯೇ ಆಗುತ್ತಿದೆ, ಆದರೆ ಕೆಳಗೆ ತಂಪೇ ಇಲ್ಲ.

ಅದೇ ಕಂಪನಿಯದು, ಡಬಲ್ ಡೋರ್, ಇಷ್ಟು ಲೀಟರ್ ಅಂತ ಹೇಳಿ ಒಂದು ರಬ್ಬರ್ ತರಿಸಿದೆ. ಬಂದದ್ದು ಅಗಲದಲ್ಲಿ ಸರಿಯಿತ್ತು, ಉದ್ದದಲ್ಲಿ ಒಂದು ಬೆರಳಿನಷ್ಟು ಕಮ್ಮಿ. ಎಳೆದು ಕೂರಿಸಲು ನೋಡಿದೆ, ಒಂದು ಮೂಲೆ ಕೂತರೆ ಇನ್ನೊಂದು ಮೂಲೆ ಎದ್ದು ಬರುತ್ತದೆ. ಮಾಡೆಲ್ ನಂಬರ್ ಕೊಡಿ ಅಂದರು. ಒಳಗಿನ ಸ್ಟಿಕ್ಕರ್ ಒರೆಸಿ ಒರೆಸಿ ಅಳಿಸಿಹೋಗಿದೆ, ಮೊದಲ ಎರಡು ಅಕ್ಷರ ಬಿಟ್ಟರೆ ಏನೂ ಕಾಣುವುದಿಲ್ಲ. ಬಾಗಿಲ ಮೇಲೆ ಒಂದು ಹೆಸರಿದೆ, ಅದನ್ನು ಕೊಟ್ಟರೆ ಸಾಲದಂತೆ.

ನಂಬರ್ ಬೇರೆ ಎಲ್ಲಾದರೂ ಇರುತ್ತದೆಯೇ? ಇಲ್ಲದಿದ್ದರೆ ಅಳತೆ ಕೊಟ್ಟು ರಬ್ಬರ್ ತರಿಸಬಹುದೇ? ಕೆಳಗೆ ತಂಪಾಗದಿರುವುದು ಈ ಹರಿದ ರಬ್ಬರ್‌ನಿಂದಲೇ ಇರಬಹುದಾ?

ಉತ್ತರ 1

ಬಾಗಿಲ ಮೇಲಿನ ಹೆಸರು ಮಾರಾಟದ ಹೆಸರು ಅಷ್ಟೇ. ಒಂದೇ ಹೆಸರಿನಲ್ಲಿ ವರ್ಷಗಟ್ಟಲೆ ಫ್ರಿಜ್ ಬರುತ್ತದೆ, ಒಳಗಿನ ಪಾರ್ಟ್ ಮಾತ್ರ ಬದಲಾಗುತ್ತಾ ಹೋಗುತ್ತದೆ. ನಿಮಗೆ ಬೇಕಾದದ್ದು ರೇಟಿಂಗ್ ಪ್ಲೇಟ್‌ನಲ್ಲಿ, ಅಂದರೆ ಫ್ರಿಜ್‌ನ ವಿವರ ಇರುವ ಕಂಪನಿಯ ಸ್ಟಿಕ್ಕರ್‌ನಲ್ಲಿ, ಅಚ್ಚಾದ ಪೂರ್ತಿ ನಂಬರ್.

ಅದು ಒಂದೇ ಕಡೆ ಇರಬೇಕು ಅಂತೇನಿಲ್ಲ. ತರಕಾರಿ ಡ್ರಾಯರ್ ಪೂರ್ತಿ ಹೊರಗೆ ತೆಗೆದು ಅದರ ಹಿಂದೆ ಮತ್ತು ಪಕ್ಕದ ಗೋಡೆ ನೋಡಿ. ಬಾಗಿಲು ತೆರೆದಾಗ ಕಾಣುವ ಚೌಕಟ್ಟಿನ ಅಂಚು ನೋಡಿ. ಕೆಳಗೆ ಕಾಲಿನ ಹತ್ತಿರ ಪ್ಲಾಸ್ಟಿಕ್ ಪಟ್ಟಿ ಇದ್ದರೆ ಅದರ ಹಿಂದೆ. ಎಲ್ಲಕ್ಕಿಂತ ಮುಖ್ಯವಾಗಿ ಫ್ರಿಜ್ ಮುಂದಕ್ಕೆ ಎಳೆದು ಹಿಂಭಾಗ ನೋಡಿ, ಕಂಪ್ರೆಸರ್ ಮುಚ್ಚಿರುವ ತಗಡಿನ ಸುತ್ತಮುತ್ತ ಎಷ್ಟೋ ಫ್ರಿಜ್‌ಗಳಲ್ಲಿ ಇನ್ನೊಂದು ಸ್ಟಿಕ್ಕರ್ ಇರುತ್ತದೆ. ಅಲ್ಲಿ ಯಾರೂ ಒರೆಸಲು ಹೋಗುವುದಿಲ್ಲ, ಅದಕ್ಕೇ ಅದು ಉಳಿದಿರುತ್ತದೆ. ಧೂಳು ಗಟ್ಟಿಯಾಗಿ ಕೂತಿದ್ದರೆ ಒದ್ದೆ ಬಟ್ಟೆಯನ್ನು ಮೆಲ್ಲಗೆ ಒತ್ತಿ ತೆಗೆಯಿರಿ, ಉಜ್ಜಬೇಡಿ.

ಮಸುಕಾದ ಸ್ಟಿಕ್ಕರ್ ಅನ್ನೂ ಸುಮ್ನೆ ಬಿಡಬೇಡಿ. ಲೈಟ್ ಆರಿಸಿ, ಟಾರ್ಚ್ ಅನ್ನು ಗೋಡೆಗೆ ತಾಗಿಸಿದ ಹಾಗೆ ಪಕ್ಕದಿಂದ ಹಿಡಿದು ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ. ಬಣ್ಣ ಹೋಗಿದ್ದರೂ ಅಚ್ಚಿನ ಗುರುತು ಕೆಲವೊಮ್ಮೆ ನೆರಳಾಗಿ ಕಾಣುತ್ತದೆ.

ನಂಬರ್ ಸಿಕ್ಕ ಮೇಲೂ ಮೂರು ಎಚ್ಚರಿಕೆ. ಮಾಡೆಲ್ ನಂಬರ್ ಬೇರೆ, ಸೀರಿಯಲ್ ನಂಬರ್ ಬೇರೆ. ಸೀರಿಯಲ್ ಆ ಒಂದು ಪೆಟ್ಟಿಗೆಗೆ ಮಾತ್ರ ಸೇರಿದ್ದು, ಆದರೂ ಅದನ್ನೂ ಬರೆದಿಟ್ಟುಕೊಳ್ಳಿ, ಯಾವಾಗ ತಯಾರಾದದ್ದು ಎಂದು ಕಂಪನಿಯವರು ಅದರಿಂದಲೇ ಪತ್ತೆಮಾಡುವುದು. ಎರಡನೆಯದು, ಮಾಡೆಲ್ ನಂಬರ್‌ನ ಕೊನೆಯಲ್ಲಿ ಅಡ್ಡಗೆರೆ ಅಥವಾ ಓರೆಗೆರೆ ಆದಮೇಲೆ ಬರುವ ಅಕ್ಷರಗಳನ್ನು ಬಿಡಬೇಡಿ. ಕೆಲವೊಮ್ಮೆ ಅದು ಬರೀ ಬಣ್ಣದ ಗುರುತು, ಕೆಲವೊಮ್ಮೆ ಅದೇ ಪರಿಷ್ಕರಣೆಯ ಗುರುತು, ಆಗ ರಬ್ಬರ್, ಬೋರ್ಡ್, ಫ್ಯಾನ್ ಎಲ್ಲವೂ ಬೇರೆ ಆಗಿರಬಹುದು. ಮೂರನೆಯದು, ಸೊನ್ನೆಯೋ ಓ ಅಕ್ಷರವೋ, ಎಂಟೋ ಬಿ ಅಕ್ಷರವೋ, ಒಂದೋ ಐ ಅಕ್ಷರವೋ ಅನ್ನುವ ಗೊಂದಲ. ಬಾಯಲ್ಲಿ ಹೇಳಬೇಡಿ, ಫೋಟೋನೇ ಕಳಿಸಿ.

ಉತ್ತರ 2

ನಾನು ಫ್ರಿಜ್ ರಿಪೇರಿ ಕೆಲಸದಲ್ಲೇ ಇರುವವನು. ರಬ್ಬರ್ ವಿಷಯ ಬೇರೆಯವರು ಹೇಳುತ್ತಾರೆ, ನಾನು ಮೂರನೇ ಪ್ರಶ್ನೆಗೆ ಬರುತ್ತೇನೆ. ಯಾಕೆಂದರೆ ನೀವು ರಬ್ಬರ್ ಒಂದನ್ನೇ ಹಾಕಿ ಕೂತರೆ ಫ್ರಿಜ್ ಸರಿಹೋಗುವುದಿಲ್ಲ ಅಂತ ನನಗೆ ಅನಿಸುತ್ತಿದೆ.

ಫ್ರಾಸ್ಟ್ ಫ್ರೀಯಲ್ಲಿ ತಂಪು ಹುಟ್ಟುವುದು ಒಂದೇ ಕಡೆ, ಫ್ರೀಜರ್‌ನ ಹಿಂದಿನ ಪ್ಯಾನೆಲ್ ಒಳಗಿರುವ ಕಾಯಿಲ್‌ನಲ್ಲಿ. ಅಲ್ಲಿಂದ ಒಂದು ಚಿಕ್ಕ ಫ್ಯಾನ್ ಆ ಗಾಳಿಯನ್ನು ಕೆಳಗೆ ತಳ್ಳುತ್ತದೆ. ಮೇಲೆ ಐಸ್ ಆಗುತ್ತಿದೆ, ಕೆಳಗೆ ಬೆಚ್ಚಗಿದೆ ಅಂದರೆ ಬಹುಪಾಲು ಕಂಪ್ರೆಸರ್ ಸರಿಯಿದೆ, ಗಾಳಿ ಕೆಳಗೆ ಬರುತ್ತಿಲ್ಲ ಅಂತ ಅರ್ಥ. ಒಂದೋ ಫ್ಯಾನ್ ನಿಂತಿದೆ, ಇಲ್ಲವೇ ಕಾಯಿಲ್ ಮೇಲೆ ಐಸ್ ಕಟ್ಟಿ ದಾರಿ ಮುಚ್ಚಿದೆ.

ಮೊದಲು ಫ್ರೀಜರ್ ಬಾಗಿಲು ತೆಗೆದು ಚೌಕಟ್ಟಿನಲ್ಲಿರುವ ಸ್ವಿಚ್ ಅನ್ನು ಬೆರಳಿನಿಂದ ಒತ್ತಿ ಹಿಡಿದು ಕಿವಿ ಕೊಡಿ. ಬಾಗಿಲು ತೆಗೆದಾಗ ಹೆಚ್ಚಿನ ಫ್ರಿಜ್‌ಗಳಲ್ಲಿ ಫ್ಯಾನ್ ನಿಲ್ಲುತ್ತದೆ, ಒತ್ತಿದರೆ ತಿರುಗಬೇಕು. ಆಮೇಲೆ ಪ್ಲಗ್ ಕಿತ್ತು ಫ್ರೀಜರ್‌ನ ಹಿಂದಿನ ಪ್ಯಾನೆಲ್ ಬಿಚ್ಚಿ. ಅಲ್ಲಿ ಕಾಣುವ ಐಸ್ ಅರ್ಧ ಕಥೆ ಹೇಳುತ್ತದೆ. ಇಡೀ ಕಾಯಿಲ್ ಬೆಳ್ಳಗೆ ದಪ್ಪಕ್ಕೆ ಮುಚ್ಚಿಹೋಗಿದ್ದರೆ ಡೀಫ್ರಾಸ್ಟ್, ಅಂದರೆ ಕಾಯಿಲ್ ಮೇಲಿನ ಐಸ್ ತಾನಾಗಿಯೇ ಕರಗಿಸುವ ವ್ಯವಸ್ಥೆ, ಕೆಲಸ ಮಾಡುತ್ತಿಲ್ಲ. ಪೈಪ್ ಒಳಬರುವ ಕಡೆ ಒಂದೆರಡು ಸುತ್ತಿಗೆ ಮಾತ್ರ ಐಸ್ ಇದ್ದು ಉಳಿದದ್ದು ಖಾಲಿಯಿದ್ದರೆ ಗ್ಯಾಸ್ ಕಮ್ಮಿಯಾಗಿರುವ ಲಕ್ಷಣ, ಅದು ಮನೆಯಲ್ಲಿ ಮಾಡುವ ಕೆಲಸವಲ್ಲ. ಎಲ್ಲ ಕಡೆ ತೆಳುವಾಗಿ ಸಮನಾಗಿ ಇದ್ದರೆ ಕಾಯಿಲ್ ಸರಿಯಿದೆ, ಫ್ಯಾನ್ ಕಡೆ ನೋಡಿ.

ನಿಮ್ಮದು ಮೊದಲನೆಯದು ಇರಬೇಕು ಅಂತ ನನ್ನ ಊಹೆ. ಹರಿದ ರಬ್ಬರ್‌ನಿಂದ ಹಸಿ ಗಾಳಿ ಒಳಗೆ ಹೋಗುತ್ತಲೇ ಇರುತ್ತದೆ, ಆ ತೇವ ಎಲ್ಲ ಕಾಯಿಲ್ ಮೇಲೆ ಹೋಗಿ ಐಸ್ ಆಗುತ್ತದೆ. ಹಾಗಾಗಿ ರಬ್ಬರ್ ಕೂಡ ಪಾಲುದಾರ. ಆದರೆ ಡೀಫ್ರಾಸ್ಟ್ ಸರಿಯಿದ್ದರೆ ಅಷ್ಟು ಐಸ್ ಉಳಿಯುವುದಿಲ್ಲ.

ಐಸ್ ಕರಗಿಸಲು ಪ್ಲಗ್ ಕಿತ್ತು, ಎರಡೂ ಬಾಗಿಲು ತೆರೆದು ಇಡೀ ದಿನ ಬಿಡಿ, ಕೆಳಗೆ ಬಟ್ಟೆ ಹಾಸಿ. ಚಾಕು, ಸ್ಕ್ರೂಡ್ರೈವರ್ ಯಾವುದನ್ನೂ ಮುಟ್ಟಿಸಬೇಡಿ. ಕಾಯಿಲ್‌ನ ಅಲ್ಯೂಮಿನಿಯಂ ತುಂಬಾ ಮೆತ್ತಗಿರುತ್ತದೆ, ಒಂದು ತೂತು ಬಿದ್ದರೆ ಗ್ಯಾಸ್ ಪೂರ್ತಿ ಹೋಯಿತು. ಈಗಿನ ಎಷ್ಟೋ ಫ್ರಿಜ್‌ಗಳಲ್ಲಿ ಇರುವುದು ಆರ್ 600ಎ, ಅಂದರೆ ಐಸೊಬ್ಯುಟೇನ್, ಅದು ಬೆಂಕಿ ಹೊತ್ತಿಕೊಳ್ಳುವ ಅನಿಲ. ನಿಮ್ಮದರಲ್ಲಿ ಯಾವುದಿದೆ, ಎಷ್ಟು ಗ್ರಾಂ ಇದೆ ಅನ್ನುವುದೂ ಅದೇ ರೇಟಿಂಗ್ ಪ್ಲೇಟ್‌ನಲ್ಲಿರುತ್ತದೆ.

ಕರಗಿಸಿದ ಮೇಲೆ ಕೆಲವು ದಿನ ಚೆನ್ನಾಗಿ ನಡೆದು ಮತ್ತೆ ಕೆಳಗೆ ಬೆಚ್ಚಗಾದರೆ ಡೀಫ್ರಾಸ್ಟ್ ತೊಂದರೆ ಖಚಿತ. ಆಗ ಪ್ಲಗ್ ಕಿತ್ತು ಮಲ್ಟಿಮೀಟರ್ ಹಿಡಿಯಿರಿ. ಕಾಯಿಲ್ ಮೇಲಿನ ಐಸ್ ಕರಗಿಸುವ ಹೀಟರ್ ಮೇಲೆ ವ್ಯಾಟ್ ಬರೆದಿದ್ದರೆ ಲೆಕ್ಕ ಸುಲಭ: 230 ವೋಲ್ಟ್‌ನ 150 ವ್ಯಾಟ್ ಹೀಟರ್ ಆದರೆ ಸುಮಾರು 350 ಓಮ್ ತೋರಿಸಬೇಕು. ಏನೂ ತೋರಿಸದಿದ್ದರೆ ಒಳಗೆ ತಂತಿ ಹೋಗಿದೆ. ಅತಿಯಾಗಿ ಬಿಸಿಯಾದರೆ ಹೀಟರ್‌ನ ಕರೆಂಟ್ ಕಡಿಯುವ ಥರ್ಮಲ್ ಫ್ಯೂಸ್ ಹೋಗಿದ್ದರೆ ಅದೇ ಡಿಗ್ರಿಯ ಫ್ಯೂಸ್ ಹಾಕಿ, ತಂತಿ ಸೇರಿಸಿ ಬಿಡಬೇಡಿ. ಹಾಗೆ ಸೇರಿಸಿ ಬಿಟ್ಟು ಒಳಗಿನ ಪ್ಲಾಸ್ಟಿಕ್ ಎಲ್ಲ ಸುಟ್ಟು ಕರಗಿದ ಫ್ರಿಜ್ ನಾನು ಕಣ್ಣಾರೆ ನೋಡಿದ್ದೇನೆ.

ಬೈಮೆಟಲ್ ವಿಷಯದಲ್ಲಿ ಜಾಸ್ತಿ ಜನ ಎಡವುತ್ತಾರೆ. ಅದು ಕಾಯಿಲ್‌ಗೆ ಕ್ಲಿಪ್ ಆಗಿರುವ ಗುಂಡಗಿನ ಚಿಕ್ಕ ಸ್ವಿಚ್, ಹೀಟರ್‌ಗೆ ಕರೆಂಟ್ ಬಿಡುವುದು ಅದೇ. ತುಂಬಾ ತಣ್ಣಗಿದ್ದಾಗ ಸೇರಿಕೊಳ್ಳುತ್ತದೆ, ಬೆಚ್ಚಗಾದಾಗ ಬಿಟ್ಟುಕೊಳ್ಳುತ್ತದೆ. ಬಿಚ್ಚಿ ಮೇಜಿನ ಮೇಲಿಟ್ಟು ಮೀಟರ್ ಹಿಡಿದರೆ ಒಳ್ಳೆಯದೂ ಕೆಟ್ಟಂತೆಯೇ ಕಾಣುತ್ತದೆ. ಅದನ್ನು ಚೆನ್ನಾಗಿ ತಣ್ಣಗಿರುವ ಫ್ರೀಜರ್‌ನಲ್ಲಿ ಒಂದು ಗಂಟೆ ಇಟ್ಟು, ತೆಗೆದ ತಕ್ಷಣ ನೋಡಿ.

ಉತ್ತರ 3

ರಬ್ಬರ್ ಬಗ್ಗೆ ನಾನು ಹೇಳುತ್ತೇನೆ, ಎರಡು ಫ್ರಿಜ್‌ಗೆ ನಾನೇ ಹಾಕಿದ್ದೇನೆ, ಒಂದಕ್ಕೆ ನಂಬರ್ ಸಿಕ್ಕಿರಲಿಲ್ಲ.

ಹಳೆಯ ರಬ್ಬರ್‌ನ ಒಳ ಅಂಚನ್ನು ಎತ್ತಿ ನೋಡಿ. ಬಾಣದ ತುದಿಯ ಹಾಗಿರುವ ಪಟ್ಟಿ ಬಾಗಿಲಿನ ಕಾಲುವೆಯಂಥ ಜಾಗಕ್ಕೆ ಒತ್ತಿ ಕೂತಿದ್ದರೆ ಅದು ಪುಶ್ ಟೈಪ್, ಕೈಯಲ್ಲೇ ಎಳೆದು ತೆಗೆಯಬಹುದು. ಅಂಚಿನ ಕೆಳಗೆ ಸಾಲಾಗಿ ಸ್ಕ್ರೂ ಕಂಡರೆ ಸ್ಕ್ರೂ ಟೈಪ್. ಅದರಲ್ಲಿ ಎಲ್ಲ ಸ್ಕ್ರೂ ಪೂರ್ತಿ ಬಿಚ್ಚಬೇಡಿ, ಒಳಗಿನ ಬಾಗಿಲೇ ಸಡಿಲವಾಗಿ ತಿರುಚಿಕೊಳ್ಳುತ್ತದೆ. ಸ್ವಲ್ಪ ಸ್ವಲ್ಪ ಸಡಿಲ ಮಾಡಿ ಹಳೆಯದನ್ನು ಜಾರಿಸಿ ಹೊಸದನ್ನು ತೂರಿಸಬೇಕು. ಎರಡೂ ಅಲ್ಲದೆ ಫೋಮ್‌ನಲ್ಲೇ ಸೇರಿಹೋಗಿದ್ದರೆ ರಬ್ಬರ್ ಬೇರೆ ಬರುವುದಿಲ್ಲ, ಬಾಗಿಲೇ ಬದಲಿಸಬೇಕಾಗುತ್ತದೆ.

ಪುಶ್ ಟೈಪ್ ಆದರೆ ಅಳತೆ ಕೊಟ್ಟು ಮಾಡಿಸಬಹುದು. ಹಳೆಯ ರಬ್ಬರ್ ಅಳೆಯಬೇಡಿ, ಅದು ಎಳೆದು ಎಳೆದು ಉದ್ದವಾಗಿರುತ್ತದೆ. ಬಾಗಿಲಿನ ಕಾಲುವೆಯ ಮಧ್ಯದಿಂದ ಎದುರು ಕಾಲುವೆಯ ಮಧ್ಯಕ್ಕೆ ಮಿಲಿಮೀಟರ್‌ನಲ್ಲಿ ಅಳೆಯಿರಿ, ಅಗಲವೂ ಎತ್ತರವೂ, ಎರಡೆರಡು ಕಡೆ. ಹರಿದ ಮೂಲೆಯ ಹತ್ತಿರ ಎರಡು ಇಂಚು ತುಂಡು ಕತ್ತರಿಸಿ ಅದರ ಅಡ್ಡ ಸೀಳಿನ ಫೋಟೋ ತೆಗೆದು ಕಳಿಸಿ. ಆ ಆಕಾರ ಹೊಂದದಿದ್ದರೆ ಅಳತೆ ಸರಿಯಿದ್ದರೂ ಪ್ರಯೋಜನವಿಲ್ಲ. ನಿಮಗೆ ಆದದ್ದೂ ಇದೇ ಅಲ್ವಾ, ಲೀಟರ್ ಒಂದೇ ಇದ್ದ ಮಾತ್ರಕ್ಕೆ ಬಾಗಿಲು ಒಂದೇ ಆಗುವುದಿಲ್ಲ.

ಹೊಸ ರಬ್ಬರ್ ಮಡಚಿ ಬಂದಿರುತ್ತದೆ. ಹಾಗೇ ಹಾಕಿದರೆ ಅಲ್ಲಲ್ಲಿ ಅಲೆ ಅಲೆ. ಅಗಲವಾದ ಟಬ್‌ನಲ್ಲಿ ಕೈ ಇಡಬಹುದಾದಷ್ಟು ಬಿಸಿ ನೀರಿನಲ್ಲಿ ಹತ್ತು ಹದಿನೈದು ನಿಮಿಷ ಮುಳುಗಿಸಿ, ಒರೆಸಿ, ನಾಲ್ಕು ಮೂಲೆ ಮೊದಲು ಕೂರಿಸಿ, ಆಮೇಲೆ ಮಧ್ಯದ ಕಡೆಗೆ ಒತ್ತುತ್ತಾ ಬನ್ನಿ. ಹಿಂಜ್ ಕಡೆ ರಬ್ಬರ್ ಒಳಗೆ ಮಡಚಿಕೊಳ್ಳುವುದು ಮಾಮೂಲು. ಅಲ್ಲಿ ತೆಳುವಾಗಿ ವ್ಯಾಸಲೀನ್ ಹಚ್ಚಿದರೆ ಜಾರಿ ಸರಿಯಾಗುತ್ತದೆ.

ಕೂತಿದೆಯೋ ಇಲ್ಲವೋ ನೋಡಲು ಒಂದು ಕಾಗದದ ಚೀಟಿ ಸಾಕು. ಬಾಗಿಲಿನಲ್ಲಿ ಸಿಕ್ಕಿಸಿ ಮುಚ್ಚಿ ಎಳೆಯಿರಿ. ಹಿಡಿದು ಹಿಡಿದು ಬರಬೇಕು, ಸುಮ್ನೆ ಜಾರಿ ಬಂದರೆ ಅಲ್ಲಿ ಗಾಳಿ ಹೋಗುತ್ತಿದೆ. ಸುತ್ತಲೂ ಒಂದೊಂದು ಅಂಗೈ ಬಿಟ್ಟು ನೋಡುತ್ತಾ ಬನ್ನಿ, ಹಿಂಜ್ ಕಡೆಯನ್ನು ಮರೆಯಬೇಡಿ.

ಉತ್ತರ 4

ಇನ್ನೊಂದು ಮಾತು. ಫ್ರಿಜ್‌ನ ನಂಬರ್ ಸಿಗದಿದ್ದರೂ ಒಳಗಿನ ಪಾರ್ಟ್ ಮೇಲೆ ಅದರದೇ ನಂಬರ್ ಇರುತ್ತದೆ. ಫ್ಯಾನ್ ಮೋಟಾರ್, ಬೋರ್ಡ್, ಕಂಪ್ರೆಸರ್ ರಿಲೇ, ಎಲ್ಲದರ ಮೇಲೂ. ನಾನು ಯಾವ ಪಾರ್ಟ್ ಬಿಚ್ಚಿದರೂ ಮೊದಲು ಅದು ಇದ್ದ ಜಾಗದಲ್ಲೇ ವೈರ್ ಬಣ್ಣ ಕಾಣುವ ಹಾಗೆ ಫೋಟೋ ತೆಗೆದು, ಆಮೇಲೆ ಲೇಬಲ್‌ನ ಫೋಟೋ ತೆಗೆಯುತ್ತೇನೆ. ಫ್ಯಾನ್ ತರಿಸುವಾಗ ವೋಲ್ಟ್, ತಿರುಗುವ ದಿಕ್ಕು, ಕನೆಕ್ಟರ್ ಮೂರೂ ಹೊಂದಬೇಕು.

ಪ್ಲಾಸ್ಟಿಕ್ ತಟ್ಟೆ, ಡ್ರಾಯರ್‌ಗಳ ತಳ ತಿರುಗಿಸಿ ನೋಡಿದರೆ ಎಬಿಎಸ್, ಪಿಎಸ್ ಅಂತೆಲ್ಲ ಉಬ್ಬಕ್ಷರ ಇರುತ್ತದೆ. ಅದು ಪ್ಲಾಸ್ಟಿಕ್‌ನ ಜಾತಿ, ಪಾರ್ಟ್ ನಂಬರ್ ಅಲ್ಲ. ಹತ್ತಿರದಲ್ಲೇ ಉದ್ದನೆಯ ಅಂಕಿ ಇದ್ದರೆ ಅದನ್ನು ಬರೆದುಕೊಳ್ಳಿ.

ಮುಂದೆ ಯಾವಾಗಲಾದರೂ ಕಂಪ್ರೆಸರ್ ಶುರುವಾಗದೆ ಕೆಲವು ನಿಮಿಷಕ್ಕೊಮ್ಮೆ ಟಕ್ ಅಂತ ಸದ್ದು ಮಾತ್ರ ಬಂದರೆ ಮೊದಲೇ ಕಂಪ್ರೆಸರ್ ಹೋಯಿತು ಅಂತ ನಂಬಬೇಡಿ. ಹಳೆಯ ಮಾದರಿಯ, ಇನ್ವರ್ಟರ್ ಅಲ್ಲದ ಕಂಪ್ರೆಸರ್ ಆದರೆ ಪ್ಲಗ್ ಕಿತ್ತು ಅದರ ಪಕ್ಕದ ಪಿಟಿಸಿ ರಿಲೇ (ಕಂಪ್ರೆಸರ್ ಶುರುಮಾಡಲು ನೆರವಾಗುವ ಚಿಕ್ಕ ಪಾರ್ಟ್) ತೆಗೆದು ಕಿವಿಯ ಹತ್ತಿರ ಅಲುಗಾಡಿಸಿ. ಒಳಗೆ ಚೂರುಗಳು ಗಲಗಲ ಅಂದರೆ ಅದರ ಬಿಲ್ಲೆ ಒಡೆದಿದೆ, ಅದನ್ನು ಬದಲಿಸಿ ನೋಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹತ್ತು ದಿನ ಆದಮೇಲೆ ಬರೆಯುತ್ತಿದ್ದೇನೆ.

ಹಿಂದಿನ ತಗಡಿನ ಬಲ ಮೂಲೆಯಲ್ಲಿ ಸ್ಟಿಕ್ಕರ್ ಸಿಕ್ಕಿತು. ಧೂಳಿನಲ್ಲಿ ತಗಡಿನ ಬಣ್ಣಕ್ಕೇ ತಿರುಗಿತ್ತು, ಒದ್ದೆ ಬಟ್ಟೆ ಒತ್ತಿ ತೆಗೆದಾಗ ಅಕ್ಷರ ಒಂದೊಂದಾಗಿ ಕಂಡವು. ನಾನು ಎಂಟು ಅಂದುಕೊಂಡದ್ದು ಬಿ ಆಗಿತ್ತು, ಫೋಟೋ ಕಳಿಸಿದ್ದರಿಂದ ಗೊತ್ತಾಯಿತು. ಕೊನೆಯ ಎರಡು ಅಕ್ಷರ ಸೇರಿಸಿ ಕೊಟ್ಟ ಮೇಲೆ ಬಂದ ರಬ್ಬರ್ ಬಿಸಿ ನೀರಿನಿಂದ ತೆಗೆದು ಹಾಕಿದಾಗ ನಾಲ್ಕೂ ಮೂಲೆ ಹಾಗೇ ಕೂತಿತು. ಕಾಗದ ಎಲ್ಲ ಕಡೆ ಹಿಡಿಯುತ್ತಿದೆ. ಹಿಂಜ್ ಕಡೆ ಮಾತ್ರ ಒಂದು ದಿನ ಮಡಚಿಕೊಂಡಿತ್ತು, ವ್ಯಾಸಲೀನ್ ಹಚ್ಚಿದ ಮೇಲೆ ಸರಿಯಾಯಿತು.

ಪ್ಯಾನೆಲ್ ಬಿಚ್ಚಿದಾಗ ಕಾಯಿಲ್ ಕಾಣಲೇ ಇಲ್ಲ, ಬಿಳಿ ಗೋಡೆ ಎದ್ದ ಹಾಗಿತ್ತು. ಕರಗಿಸಿದೆ. ಹೀಟರ್ 340 ಓಮ್ ಹತ್ತಿರ ತೋರಿಸಿತು, ಫ್ಯೂಸ್ ಸರಿಯಿತ್ತು. ಬೈಮೆಟಲ್ ಅನ್ನು ಪಕ್ಕದ ಮನೆಯವರ ಫ್ರೀಜರ್‌ನಲ್ಲಿ ಒಂದು ಗಂಟೆ ಇಟ್ಟು ಅಲ್ಲೇ ನಿಂತು ನೋಡಿದೆ, ಮೀಟರ್ ಅಲುಗಲಿಲ್ಲ. ಹೊಸದನ್ನು ಹಾಗೇ ಇಟ್ಟು ನೋಡಿದಾಗ ಬೀಪ್ ಅಂತು. ಹಾಕಿ ಎಂಟು ದಿನ ಆಯಿತು, ಕೆಳಗೆ ತಂಪು ಚೆನ್ನಾಗಿದೆ. ಆದರೆ ಡ್ರಾಯರ್ ಕೆಳಗೆ ಸ್ವಲ್ಪ ನೀರು ನಿಲ್ಲುತ್ತಿದೆ, ಇದೇನು?

ಉತ್ತರ 2

ಒಳ್ಳೆಯ ಸುದ್ದಿ, ಖುಷಿಯಾಯಿತು. ನೀರು ಅಂದರೆ ಈಗ ಡೀಫ್ರಾಸ್ಟ್ ಆಗುತ್ತಿದೆ, ಕರಗಿದ ನೀರು ಹೋಗುವ ತೂತು ಕಟ್ಟಿದೆ. ಕಾಯಿಲ್ ಕೆಳಗಿನ ತಗಡಿನ ಮಧ್ಯೆ ಆ ತೂತು ಇರುತ್ತದೆ. ಪ್ಲಗ್ ಕಿತ್ತು ಸಿರಿಂಜ್‌ನಲ್ಲಿ ಉಗುರು ಬೆಚ್ಚಗಿನ ನೀರು ನಿಧಾನಕ್ಕೆ ಬಿಡಿ, ತಂತಿ ಚುಚ್ಚಬೇಡಿ. ಹಿಂದೆ ಕಂಪ್ರೆಸರ್ ಮೇಲಿನ ತಟ್ಟೆಗೆ ನೀರು ಬೀಳುವ ಸದ್ದು ಕೇಳಿದರೆ ದಾರಿ ಬಿಟ್ಟಿತು. ಆ ತಟ್ಟೆಯನ್ನೂ ಒಮ್ಮೆ ತೊಳೆದುಬಿಡಿ, ಮತ್ತೆ ಸ್ಟಿಕ್ಕರ್‌ನ ಒಂದು ಫೋಟೋ ಪ್ರಿಂಟ್ ಮಾಡಿ ಫ್ರಿಜ್ ಪಕ್ಕಕ್ಕೆ ಅಂಟಿಸಿಡಿ.