ಸಹಾಯ ಬೇಕು: 2391-52 ಪರೀಕ್ಷೆ ಮೊದಲೋ, ಅನುಭವ ಮೊದಲೋ?

ಇಂಗ್ಲೆಂಡಿನಲ್ಲಿ ಎಲೆಕ್ಟ್ರಿಷಿಯನ್ ವೃತ್ತಿಯಲ್ಲಿರುವ ಕನ್ನಡಿಗರಲ್ಲಿ ಒಂದು ವಿನಂತಿ. ಹೊಸ ವೈರಿಂಗಿನ ಪರಿಶೀಲನೆ, ಹಳೆಯದರ ತಪಾಸಣೆ ಎರಡನ್ನೂ ಒಳಗೊಂಡ 2391-52 ಎಂಬ ತರಗತಿಗೆ (ಬ್ರಿಟನ್ನಿನ ವೃತ್ತಿ ಪ್ರಮಾಣಪತ್ರ ಸಂಸ್ಥೆ ಸಿಟಿ ಅಂಡ್ ಗಿಲ್ಡ್ಸ್‌ನದು) ಸೇರಿದ್ದೇನೆ. ಅಭ್ಯಾಸದ ಬೋರ್ಡಿನ ಮೇಲೆ 500 ವೋಲ್ಟ್ ಡಿಸಿಯಲ್ಲಿ ಇನ್ಸುಲೇಶನ್ ರೋಧವನ್ನು (ತಂತಿಯ ಹೊದಿಕೆ ವಿದ್ಯುತ್ ಸೋರಿಕೆಯನ್ನು ಎಷ್ಟು ತಡೆಯುತ್ತದೆಂಬುದನ್ನು) ಅಳೆದು, ಬ್ರಿಟನ್ನಿನ ವೈರಿಂಗ್ ಮಾನದಂಡವಾದ ಬಿಎಸ್ 7671 ಹೇಳುವ ಕನಿಷ್ಠ 1 ಮೆಗಾಓಮ್‌ಗೆ ಹೋಲಿಸುವುದು ಸುಲಭವಾಗಿಯೇ ಬಂತು. ಆದರೆ ಯಾವ ಸ್ವಿಚ್ಚು ಯಾವುದರದೆಂದು ಬರೆದೇ ಇಲ್ಲದ ಹಳೆಯ ಮನೆಯ ಫ್ಯೂಸ್ ಬೋರ್ಡಿನ ಮುಂದೆ, ಎಲ್ಲೋ ಕಳಚದೆ ಉಳಿದ ಡಿಮ್ಮರ್ (ದೀಪದ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಸ್ವಿಚ್ಚು) ಅಳತೆಯನ್ನು ಕೆಡಿಸುತ್ತಿದೆಯೆಂದು ಊಹಿಸುವ ವಿವೇಚನೆ ತರಗತಿಯಲ್ಲಿ ಸಿಗುವಂಥದ್ದಲ್ಲವೆಂದು ನನಗನ್ನಿಸುತ್ತದೆ. (ಈವರೆಗೆ ನಾನು ಮಾಡಿದ್ದು ಬಹುಪಾಲು ಹೊಸ ಕಟ್ಟಡಗಳ ಕೆಲಸ.) ಪರೀಕ್ಷೆಯನ್ನು ಈಗಲೇ ಮುಗಿಸುವುದು ಒಳ್ಳೆಯದೇ, ಅಥವಾ ಅನುಭವಿ ತಪಾಸಕರೊಬ್ಬರ ಜೊತೆ ಕೆಲವು ತಿಂಗಳು ದುಡಿದ ನಂತರ ಬರೆಯುವುದೇ? ಈ ದಾರಿಯಲ್ಲಿ ನಡೆದವರು ದಯವಿಟ್ಟು ತಿಳಿಸಬೇಕು.